ತೋಟದ ಫೈಬರ್: ಎಲ್ಲಿ ಅಡಾಪ್ಟರ್, ಎಲ್ಲಿ ಮೆಷಿನ್ ಜಾಯಿಂಟ್, ಎಲ್ಲಿ ಸ್ಪ್ಲಿಟರ್

ಮಳೆಗಾಲ ಹಿಡಿಯಿತೆಂದರೆ ಕೊಡಗಿನಲ್ಲಿ ಫೈಬರ್ ಹಾಕಿಸಿಕೊಂಡವರಿಂದ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾಗಿದೆ. ಎರಡೂ ತುದಿಗೆ ಕನೆಕ್ಟರ್ ಕಟ್ಟಿ ನಡುವೆ ಅಡಾಪ್ಟರ್ ಹಾಕಿದರೆ ಸಾಕೋ, ಫೈಬರ್ ತುದಿ ಬೆಸೆಯುವ ಮೆಷಿನ್ ತರಿಸಿ ಜಾಯಿಂಟ್ ಹೊಡೆಸಬೇಕೋ? ಇನ್ನೊಂದು ಹೋಂಸ್ಟೇಯವರದ್ದು: ಬಂಗಲೆಗೆ ಬಂದ ನೆಟ್ಟನ್ನು ಕಾಟೇಜುಗಳಿಗೆ, ಕಣದ ಆಫೀಸಿಗೆ ಒಯ್ಯಬೇಕು; ಒಂದು ಸ್ಪ್ಲಿಟರ್ ಹಾಕಿ ಕವಲು ತೆಗೆದರೆ ಆಗದೇ?

ಮೊದಲನೆಯದಕ್ಕೆ ಉತ್ತರ ನಿಂತಿರುವುದು ಆ ಜೋಡಣೆ ಮಾಡಿನ ಕೆಳಗೆ ಇರುತ್ತದೋ, ಮಳೆಯಲ್ಲಿ ನೇತಾಡುತ್ತದೋ ಎಂಬುದರ ಮೇಲೆ. ಎರಡನೆಯದಕ್ಕೆ, ಕಂಪನಿಯಿಂದ ಬಂದ ಲೈನ್ ಆದರೆ, ಆಗದು ಎಂದೇ ಹೇಳಬೇಕು. ಆದರೆ ಸ್ಪ್ಲಿಟರ್ ಚೆನ್ನಾಗಿ ಒದಗುವ ಸಂದರ್ಭವೂ ಇದೆ, ಅದನ್ನು ಕೊನೆಗೆ ನೋಡೋಣ.

ಏನನ್ನು ಅಳೆದು ಆರಿಸಬೇಕು

ಮೊದಲು ಕೈಯಲ್ಲಿ ಎಷ್ಟು ಬೆಳಕು ಇದೆ ಎಂದು ನೋಡಿ. ಫೈಬರ್ ಮನೆಗೆ ತರುವುದು ಬೆಳಕು. ಪ್ರತಿ ಜೋಡಣೆಯೂ ಅದರಲ್ಲಿ ಒಂದಿಷ್ಟು ಕಸಿಯುತ್ತದೆ. ಜಿಪಾನ್ ಸಂಪರ್ಕದಲ್ಲಿ (ಒಂದೇ ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚುವ ಬಗೆ) ಮನೆಯ ಪೆಟ್ಟಿಗೆ, ಅಂದರೆ ಒಎನ್‌ಟಿ, ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವಿನ ಬೆಳಕನ್ನು ಓದಬಲ್ಲದು. ಡಿಬಿಎಂ ಬೆಳಕಿನ ಬಲದ ಅಳತೆ, ಡಿಬಿ ನಷ್ಟದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27ಕ್ಕಿಂತ ಕೆಳಗಿಳಿದರೆ ಲಾಸ್ ಲೈಟ್ ಕೆಂಪಗೆ ಮಿನುಗುತ್ತದೆ. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂದು ಈ ಸಂಖ್ಯೆ ಸಿಗುತ್ತದೆ. ಮಳೆಗಾಲಕ್ಕೆಂದು 3 ಡಿಬಿಯನ್ನು ಮೀಸಲಾಗಿ ತೆಗೆದಿಟ್ಟು, ಮೈನಸ್ 24ನ್ನೇ ಕೊನೆಯ ಗಡಿ ಎಂದುಕೊಳ್ಳಿ. ಮನೆಯಲ್ಲಿ ಈಗ ಮೈನಸ್ 20 ಇದ್ದರೆ ನಿಮಗೆ ಖರ್ಚು ಮಾಡಲು ಇರುವುದು 4 ಡಿಬಿ. ಮೈನಸ್ 23.5 ಇದ್ದರೆ ಹೊಸ ಜೋಡಣೆಯ ಮಾತೆತ್ತುವ ಮೊದಲು ಹಳೆಯ ಜೋಡಣೆಗಳನ್ನು ಸರಿಪಡಿಸಬೇಕು.

ಆಮೇಲೆ ಜೋಡಣೆ ಎಲ್ಲಿ ಕೂರುತ್ತದೆ, ಅದನ್ನು ಪದೇಪದೇ ಬಿಚ್ಚಬೇಕೇ, ಮುಂದಿನ ಸಲ ಕೆಟ್ಟಾಗ ಯಾರು ಬಂದು ರಿಪೇರಿ ಮಾಡುತ್ತಾರೆ ಎಂಬುದು. ಕುಶಾಲನಗರ ಪೇಟೆಯಲ್ಲಿ ಮೆಷಿನ್ ಇರುವವರು ಆ ದಿನವೇ ಸಿಕ್ಕಾರು. ಭಾಗಮಂಡಲದಾಚೆ ರಸ್ತೆಗೆ ಮರ ಬಿದ್ದ ದಿನ ಸಿಗಲಾರರು. ಕೊನೆಯದಾಗಿ ಕೇಬಲ್ಲಿನ ಎರಡೂ ತುದಿ ನಿಮ್ಮದೇ, ಅಥವಾ ಒಂದು ತುದಿ ಕಂಪನಿಯದೇ ಎಂಬುದು. ದುಡ್ಡಿನ ಲೆಕ್ಕ ಇವೆಲ್ಲದರ ನಂತರ. ಬಿಡಿ ಭಾಗಗಳು ಅಗ್ಗ. ದುಬಾರಿ ಆಗುವುದು ಮಳೆಯಲ್ಲಿ ಮತ್ತೊಮ್ಮೆ ಕಂಬ ಹತ್ತಿಸುವುದು.

ಅಡಾಪ್ಟರ್: ಒಳಗೆ ಒಳ್ಳೆಯದು, ಹೊರಗೆ ಬೇಡ

ಎರಡು ಸಿದ್ಧ ಕನೆಕ್ಟರ್‌ಗಳನ್ನು ಎದುರುಬದುರು ಕೂರಿಸುವ ಚಿಕ್ಕ ಪ್ಲಾಸ್ಟಿಕ್ ಗೂಡು ಅಡಾಪ್ಟರ್. ಇದನ್ನೇ ಕಪ್ಲರ್ ಎನ್ನುವವರೂ ಇದ್ದಾರೆ. ಕೇಬಲ್ ಟಿವಿಯವರ ಹತ್ತಿರ ಕಪ್ಲರ್ ಕೇಳಿದರೆ ಬೆಳಕನ್ನು ಕವಲೊಡೆಯುವ ಬೇರೆಯದೇ ವಸ್ತು ಕೊಡುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಎಸ್‌ಸಿ ಅಡಾಪ್ಟರ್ ಎಂದೇ ಕೇಳಿ (ಎಸ್‌ಸಿ ಎಂದರೆ ಚೌಕಾಕಾರದ ಸಾಮಾನ್ಯ ಕನೆಕ್ಟರ್). ಒಳಗಿರುವ ಸೀಳುಕೊಳವೆ ಸೆರಾಮಿಕ್‌ನದ್ದಾಗಿರಲಿ. ಹಿತ್ತಾಳೆ ಬಣ್ಣದ ಲೋಹದ ಕೊಳವೆ ಇರುವುದು ಮನೆಗೆ ಬರುವ ಸಿಂಗಲ್ ಮೋಡ್ ಫೈಬರ್‌ಗೆ ಸಾಲದು. ಸಿಂಗಲ್ ಮೋಡ್‌ನ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್. ಒಂದೆರಡು ಮೈಕ್ರಾನ್ ಆಚೀಚೆ ಆದರೂ ನಷ್ಟ ಎದ್ದು ಕಾಣುತ್ತದೆ.

ಚೊಕ್ಕಟವಾಗಿ ಕೂತ ಒಂದು ಅಡಾಪ್ಟರ್ ಜೋಡಣೆ 0.2ರಿಂದ 0.5 ಡಿಬಿ ತಿನ್ನುತ್ತದೆ. ಒಂದು ಕಿಲೋಮೀಟರ್ ಫೈಬರ್ ತಿನ್ನುವುದೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕಡಿ ಗೋಡೆಯ ಮೇಲೆ ಮೂರು ಅಡಾಪ್ಟರ್ ಸಾಲಾಗಿ ಹಾಕಿದವರು ಕುಳಿತಲ್ಲೇ ಮೂರು ಕಿಲೋಮೀಟರ್ ಕೇಬಲ್ ಎಳೆದ ಹಾಗೆ. ಅದರ ಗುಣ ಇರುವುದು ಬಿಚ್ಚಿ ಮತ್ತೆ ಹಾಕಬಹುದು ಎಂಬುದರಲ್ಲಿ, ಉಪಕರಣ ಏನೂ ಬೇಡ ಎಂಬುದರಲ್ಲಿ. ಹೊರಗಿನ ಕೇಬಲ್ ಗೋಡೆಯ ಪೆಟ್ಟಿಗೆಯಲ್ಲಿ ಮುಗಿದು, ಅಲ್ಲಿಂದ ಒಎನ್‌ಟಿಗೆ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ಸಿದ್ಧ ಕೇಬಲ್ ತುಂಡು) ಹೋಗುವ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪ್ಯಾಚ್ ಕಾರ್ಡನ್ನು ಇಲಿ ಕಡಿದರೆ ನೀವೇ ಬದಲಿಸಿಕೊಳ್ಳುತ್ತೀರಿ, ಕಂಬದಿಂದ ಬಂದ ಕೇಬಲ್ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಸಿರು ಕನೆಕ್ಟರ್ ಎಪಿಸಿ, ಅದರ ತುದಿ 8 ಡಿಗ್ರಿ ಓರೆಯಾಗಿ ಸಾಣೆ ಹಿಡಿದದ್ದು. ನೀಲಿ ಯುಪಿಸಿ, ತುದಿ ನೇರ. ಎರಡೂ ಒಂದೇ ಅಡಾಪ್ಟರ್‌ನಲ್ಲಿ ಟಕ್ ಎಂದು ಕೂರುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿಂದ. ಓರೆ ತುದಿ ನೇರ ತುದಿಗೆ ತಾಗಿದಾಗ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ನಷ್ಟವಾಗುತ್ತದೆ, ಒತ್ತಿದಷ್ಟೂ ತುದಿಗಳು ಗೀರು ಬೀಳುತ್ತವೆ. ಹಸಿರಿನ ಲೈನನ್ನು ನೀಲಿ ಕಿಂಡಿಯ ಯಂತ್ರಕ್ಕೆ ಕೊಡಬೇಕಾದರೆ ಒಂದು ತುದಿ ಹಸಿರು, ಇನ್ನೊಂದು ತುದಿ ನೀಲಿ ಇರುವ ಪ್ಯಾಚ್ ಕಾರ್ಡ್ ತನ್ನಿ. ಬಣ್ಣ ಬದಲಿಸುವ ಕೆಲಸ ಅಡಾಪ್ಟರ್‌ನಿಂದ ಆಗದು. ಎಸ್‌ಸಿಯಿಂದ ಸಣ್ಣ ಎಲ್‌ಸಿ ಕಿಂಡಿಗೆ ಹೋಗುವಾಗಲೂ ಅಷ್ಟೇ: ಪರಿವರ್ತಕ ಅಡಾಪ್ಟರ್ ಸಿಗುತ್ತದೆ, ಆದರೆ ಎಸ್‌ಸಿ–ಎಲ್‌ಸಿ ಪ್ಯಾಚ್ ಕಾರ್ಡ್ ಕೊಂಡರೆ ಒಂದು ಜೋಡಣೆಯೇ ಉಳಿಯುತ್ತದೆ.

ಹೊರಗಡೆ ಯಾಕೆ ಬೇಡ? ಸೀಳುಕೊಳವೆಯೊಳಗೆ ತೇವ ಸೇರಿ, ಅದರ ಜೊತೆ ದೂಳು ತುದಿಗೆ ಅಂಟುತ್ತದೆ. ಬಿಸಿಲು ಬಂದಾಗ ನೀರು ಆರಿದರೂ ಕಲೆ ಹೋಗದು. ಮುಚ್ಚಳ ಹಾಕದೆ ಬಿಟ್ಟ ಕಿಂಡಿಯೊಳಗೆ ಕುಂಬಾರ ಹುಳ ಮಣ್ಣು ಮೆತ್ತುತ್ತದೆ, ಇರುವೆ ಗೂಡು ಕಟ್ಟುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿ ಇನ್ಸುಲೇಷನ್ ಟೇಪ್ ಹಾಕುವುದು ಇನ್ನೂ ಕೆಟ್ಟದ್ದು. ಒಳಗೆ ಹೋದ ತೇವ ಹೊರಗೆ ಬರುವುದೇ ಇಲ್ಲ.

ಶುಚಿಗೊಳಿಸುವುದಕ್ಕೆ ಎಸ್‌ಸಿಗೆ 2.5 ಮಿ.ಮೀ., ಎಲ್‌ಸಿಗೆ 1.25 ಮಿ.ಮೀ. ಅಳತೆಯ ಕ್ಲಿಕ್ ಕ್ಲೀನರ್ ಪೆನ್ ಬರುತ್ತದೆ. ಇಲ್ಲದಿದ್ದರೆ ನೂಲು ಬಿಡದ ಒರೆಸುವ ಕಾಗದ, 99 ಪ್ರತಿಶತದ ಐಸೋಪ್ರೊಪೈಲ್ ಆಲ್ಕೋಹಾಲ್. ಅಂಗಿಯ ತುದಿ, ಪಂಚೆಯ ಅಂಚು ಬೇಡ. ಬಾಯಿಂದ ಊದುವುದಂತೂ ಬೇಡವೇ ಬೇಡ. ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ: ಅದರಲ್ಲಿ ಬರುವ 1490 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾಡಬಲ್ಲದು.

ಫಾಸ್ಟ್ ಕನೆಕ್ಟರ್: ತುರ್ತಿಗೆ

ಕೇಬಲ್ ಹುಡುಗರ ಜೇಬಿನಲ್ಲಿ ಯಾವಾಗಲೂ ಇರುವುದು ಇದು. ಕಂಬದಿಂದ ಮನೆಗೆ ಬರುವ ಕೇಬಲ್ಲಿನ, ಅಂದರೆ ಡ್ರಾಪ್ ಕೇಬಲ್ಲಿನ, ತುದಿಗೆ ಸ್ಥಳದಲ್ಲೇ ಕಟ್ಟುವ ಕನೆಕ್ಟರ್. ಒಳಗೆ ಕಾರ್ಖಾನೆಯಲ್ಲೇ ಸಾಣೆ ಹಿಡಿದ ತುಂಡು ಫೈಬರ್, ಅದರ ಬೆನ್ನಿಗೆ ಬೆಳಕು ದಾಟಿಸುವ ಜೆಲ್. ಕೇಬಲ್ ಹೊರಕವಚ ಸೀಳಿ, 250 ಮೈಕ್ರಾನ್ ಲೇಪನವನ್ನು ಸ್ಟ್ರಿಪ್ಪರ್‌ನಿಂದ ಎಳೆದು, ಆಲ್ಕೋಹಾಲ್‌ನಿಂದ ಒರೆಸಿ, ಫೈಬರನ್ನು ನೇರವಾಗಿ ತುಂಡರಿಸುವ ಕ್ಲೀವರ್‌ನಲ್ಲಿ ಅಳತೆಗೆ ಕತ್ತರಿಸಿ, ಒಳಗಿನ ಫೈಬರ್‌ಗೆ ತಾಗುವ ತನಕ ತಳ್ಳಿ, ಹಿಂದೆ ಫೈಬರ್ ತುಸು ಬಿಲ್ಲಿನಂತೆ ಬಾಗಿದಾಗ ಲಾಕ್ ಒತ್ತಬೇಕು. ಆ ಬಾಗು ಕಾಣದಿದ್ದರೆ ತುದಿ ತಾಗಿಲ್ಲ ಎಂದರ್ಥ.

ಚೆನ್ನಾಗಿ ಕಟ್ಟಿದರೆ ನಷ್ಟ 0.5 ಡಿಬಿಯೊಳಗೆ ನಿಲ್ಲುತ್ತದೆ. ಬ್ಲೇಡು, ಕತ್ತರಿಯಲ್ಲಿ ಫೈಬರ್ ತುಂಡರಿಸಿದರೆ ಒಂದೆರಡು ಡಿಬಿ ಹೋಗುವುದೇನೂ ಅಪರೂಪವಲ್ಲ. ಕಾಲಕ್ರಮೇಣ ಬರುವ ತೊಂದರೆ ಬೇರೆ: ಗಾಳಿಗೆ ಕೇಬಲ್ ಜಗ್ಗಿ ಫೈಬರ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಬೆಳಿಗ್ಗೆ ನೆಟ್ ಇರುತ್ತದೆ, ಮಧ್ಯಾಹ್ನ ಬಿಸಿಲೇರಿದಾಗ ಹೋಗುತ್ತದೆ, ಸಂಜೆ ತಾನಾಗಿ ಬರುತ್ತದೆ. ಇಂಥ ಆಟ ಕಂಡರೆ ಮೊದಲು ಫಾಸ್ಟ್ ಕನೆಕ್ಟರನ್ನೇ ಅನುಮಾನಿಸಿ.

ತುಂಡಾದ ಜಾಗದಲ್ಲಿ ಎರಡು ಫಾಸ್ಟ್ ಕನೆಕ್ಟರ್, ಒಂದು ಅಡಾಪ್ಟರ್ ಹಾಕಿ ಲೈನ್ ಎಬ್ಬಿಸುವುದು ತಪ್ಪಲ್ಲ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನಾಲ್ಕು ದಿನ ನೆಟ್ ಇಲ್ಲದೆ ಕೂರುವುದಕ್ಕಿಂತ ಮೇಲು. ಆದರೆ ಕೊಂಬೆ ಬಿದ್ದಾಗ ಕೇಬಲ್ ಒಂದೇ ಕಡೆ ತುಂಡಾಗುವುದು ಕಡಿಮೆ. ನಡುವೆ ಹತ್ತಿಪ್ಪತ್ತು ಮೀಟರ್ ಜಜ್ಜಿಹೋಗಿರುತ್ತದೆ. ಅಲ್ಲಿ ಹೊಸ ತುಂಡು ಸೇರಿಸಬೇಕಾದರೆ ನಾಲ್ಕು ಕನೆಕ್ಟರ್, ಎರಡು ಅಡಾಪ್ಟರ್, ಅಂದರೆ ಎರಡು ಡಿಬಿ ತನಕ ಹೊರೆ. ಮಳೆ ಬಿಟ್ಟ ಕೂಡಲೇ ಇದನ್ನು ತೆಗೆಸಿ ಮೆಷಿನ್ ಜಾಯಿಂಟ್ ಮಾಡಿಸಿ.

ಮೆಷಿನ್ ಜಾಯಿಂಟ್: ಹೊರಗಿನ ಕೆಲಸಕ್ಕೆ ಇದೇ

ಫ್ಯೂಷನ್ ಸ್ಪ್ಲೈಸರ್ ಎರಡು ಗಾಜಿನ ತುದಿಗಳನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಒಂದು ಮಾಡುತ್ತದೆ. ನಷ್ಟ 0.02ರಿಂದ 0.1 ಡಿಬಿ. ಜಜ್ಜಿದ ಭಾಗ ತೆಗೆದು ಹೊಸ ತುಂಡು ಸೇರಿಸಿದರೂ ಎರಡು ಜಾಯಿಂಟಿಗೆ ಸೇರಿ 0.2 ಡಿಬಿ ದಾಟದು. ಗಾಳಿಯ ಸಂದೇ ಇಲ್ಲದ್ದರಿಂದ ತೇವಕ್ಕೆ ಹೋಗಲು ಜಾಗವಿಲ್ಲ.

ಮೆಷಿನ್ ಕೊಳ್ಳುವ ಯೋಚನೆ ಮನೆಯವರಿಗೆ ಬೇಡ. ಬೆಲೆ ಹತ್ತಾರು ಸಾವಿರದಿಂದ ಶುರುವಾಗುತ್ತದೆ. ಕರೆಸಿ ಮಾಡಿಸಿ. ಕೆಲಸದವರು ಬಂದಾಗ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ್ದು ಕೆಲವಿವೆ. ಕತ್ತರಿಸುವ ಮೊದಲೇ ಜಾಯಿಂಟನ್ನು ಕಾಯುವ 60 ಮಿ.ಮೀ. ಸ್ಲೀವ್ ಅನ್ನು ಫೈಬರ್‌ಗೆ ತೂರಿಸಿದ್ದಾರೆಯೇ? ಅವಸರದಲ್ಲಿ ಮರೆಯುವುದು ಇದನ್ನೇ, ಮರೆತರೆ ಜಾಯಿಂಟ್ ಮುರಿದು ಮತ್ತೆ ಮೊದಲಿಂದ. ಪರದೆಯ ಮೇಲೆ ಬರುವ ಅಂದಾಜು 0.1ಕ್ಕಿಂತ ಹೆಚ್ಚಿದ್ದರೆ ಇನ್ನೊಮ್ಮೆ ಮಾಡಲು ಹೇಳಿ. ಮಂಗಳೂರು, ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬಂದ ಮೆಷಿನ್ ಆದರೆ ಆರ್ಕ್ ಕ್ಯಾಲಿಬ್ರೇಷನ್ (ಕಿಡಿಯ ಕಾವನ್ನು ಹೊಂದಿಸುವುದು) ಮಾಡಿದ್ದಾರೆಯೇ ಎಂದು ಕೇಳಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ, ತೇವ ಬದಲಾದಾಗ ಕಿಡಿಯ ಕಾವೂ ಬದಲಾಗುತ್ತದೆ. ಒಂದೆರಡು ನಿಮಿಷದ ಕೆಲಸ ಅದು. ಕೊಡೆ ಹಿಡಿದು ಕಂಬದ ಬುಡದಲ್ಲಿ ಮಾಡುವ ಬದಲು ಕಾರಿನ ಡಿಕ್ಕಿಯಲ್ಲೋ ಜಗುಲಿಯಲ್ಲೋ ಕೂತು ಮಾಡುವಷ್ಟು ಉದ್ದ ಕೇಬಲ್ ಇಳಿಸಿಕೊಂಡರೆ ಜಾಯಿಂಟ್ ಚೆನ್ನಾಗಿ ಬರುತ್ತದೆ.

ಜಾಯಿಂಟಿನಷ್ಟೇ ಮುಖ್ಯ ಅದನ್ನು ಇಡುವ ಪೆಟ್ಟಿಗೆ. ಕೇಬಲ್ ಕೆಳಗಿನಿಂದ ಒಳಹೋಗಬೇಕು. ಮೇಲಿನಿಂದ ಹೋದರೆ ನೀರು ಕೇಬಲ್ ಹಿಡಿದೇ ಇಳಿಯುತ್ತದೆ. ಪೆಟ್ಟಿಗೆಗೆ ಬರುವ ಮೊದಲು ಕೇಬಲ್ ಒಮ್ಮೆ ಜೋತು ಬಿದ್ದು ಮೇಲೇರಿದರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ಸುತ್ತಿದ ಫೈಬರ್ 30 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಜಿ.657ಎ2 ಎಂದು ಮುದ್ರಿಸಿದ ಕೇಬಲ್ ಆದರೆ 7.5 ಮಿ.ಮೀ. ತನಕ ಬಾಗುತ್ತದೆ, ಆದರೂ ಬಿಗಿಯಾಗಿ ಮಡಿಸುವ ಅಭ್ಯಾಸ ಬೇಡ. ಕಂಬದ ಬಳಿ ಐದಾರು ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿ ಕಟ್ಟಿಸಿ. ಮರ ಕಪಾತಿನ ಕಾಲದಲ್ಲಿ ಮತ್ತೆ ತುಂಡಾದರೆ ಎಳೆದು ಸೇರಿಸಲು ಅದೇ ಗತಿ.

ಒಟ್ಟು ಡ್ರಾಪ್ ನೂರು, ನೂರೈವತ್ತು ಮೀಟರ್ ಮಾತ್ರ ಇದ್ದು ಈಗಾಗಲೇ ಎರಡು ಕಡೆ ಜೋಡಿಸಿದ್ದರೆ ಮೂರನೆಯ ಜಾಯಿಂಟಿಗೆ ದುಡ್ಡು ಹಾಕಬೇಡಿ. ಹೊಸ ಕೇಬಲ್ಲೇ ಎಳೆಸಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಆನೆ ದಾಟುವ ಜಾಗವಿದ್ದರೆ ಅಷ್ಟು ಭಾಗ ಎಚ್‌ಡಿಪಿಇ ಪೈಪಿನಲ್ಲಿ ನೆಲದಡಿ ಹೋಗಲಿ. ಜೋತುಬಿದ್ದ ತಂತಿ ಆನೆಯ ಮೈಗೆ ತಾಗಿದರೆ ಯಾವ ಜಾಯಿಂಟೂ ಉಳಿಯದು.

ಸ್ಪ್ಲಿಟರ್: ಯಾರಿಗೆ ಆಗುತ್ತದೆ, ಯಾರಿಗೆ ಆಗದು

ಸ್ಪ್ಲಿಟರ್ ಬೆಳಕನ್ನು ಪಾಲು ಮಾಡುತ್ತದೆ, ಇಂಟರ್ನೆಟ್ ಸಂಪರ್ಕವನ್ನಲ್ಲ. ಕಂಪನಿಯ ಲೈನನ್ನು ಮನೆಯಲ್ಲಿ ಇಬ್ಭಾಗ ಮಾಡಿ ಎರಡನೇ ಒಎನ್‌ಟಿ ಹಾಕಿದರೆ ಅದು ಏಳುವುದಿಲ್ಲ. ಪ್ರತಿ ಒಎನ್‌ಟಿಯನ್ನೂ ಕಂಪನಿಯ ಕಡೆಯ ಒಎಲ್‌ಟಿಯಲ್ಲಿ, ಅಂದರೆ ಬೆಳಕು ಕಳಿಸುವ ಮುಖ್ಯ ಪೆಟ್ಟಿಗೆಯಲ್ಲಿ, ನೋಂದಾಯಿಸಬೇಕು. ಅದರ ಮೇಲೆ 1:2 ಸ್ಪ್ಲಿಟರ್ ಸುಮಾರು 3.5 ಡಿಬಿ ತಿಂದು ಮೊದಲನೆಯದನ್ನೂ ಬೀಳಿಸಬಹುದು. ಮನೆಯೊಳಗೆ ಇನ್ನೊಂದು ಕೋಣೆಗೆ ನೆಟ್ ಬೇಕಾದವರು ಒಎನ್‌ಟಿಯಿಂದ ಲ್ಯಾನ್ ವೈರ್ ಎಳೆದು ಇನ್ನೊಂದು ವೈಫೈ ಪೆಟ್ಟಿಗೆ ಇಟ್ಟುಕೊಳ್ಳಲಿ.

ತೋಟದಲ್ಲಿ ಲ್ಯಾನ್ ವೈರ್ 100 ಮೀಟರ್ ದಾಟದು. ದೂರ ಅಷ್ಟಿಲ್ಲದಿದ್ದರೂ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವುದು ಕಾಫಿ ಹೂವರಳಿಸುವ ಹೂಮಳೆಯ ಗುಡುಗು ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಒಂದೇ ಸಿಡಿಲಿಗೆ ಎರಡೂ ಕಡೆಯ ಪೆಟ್ಟಿಗೆ ಸುಡುತ್ತವೆ. ಹಾಗಾಗಿ ಫೈಬರ್. ಆದರೆ ಡ್ರಾಪ್ ಕೇಬಲ್ಲಿನ ಆಧಾರ ತಂತಿ ಉಕ್ಕಿನದಾದರೆ ಅದೂ ಸಿಡಿಲನ್ನು ಒಯ್ಯುತ್ತದೆ. ಗೋಡೆಯ ಹೊರಗೇ ಆ ತಂತಿಯನ್ನು ಸೀಳಿ ಕೊಕ್ಕೆಗೆ ಕಟ್ಟಿ, ಒಳಗೆ ಬರೀ ಫೈಬರ್ ಬರಲಿ. ಒಳಗಿನ ಬಲಕಡ್ಡಿಗಳೂ ಉಕ್ಕಿನದ್ದಲ್ಲದ ಎಫ್‌ಆರ್‌ಪಿ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಮರಗಳ ನಡುವೆ ವೈರ್‌ಲೆಸ್ ಡಿಶ್ ನಂಬಬೇಡಿ. ಒದ್ದೆ ಎಲೆ 5 ಗಿಗಾಹರ್ಟ್ಸ್ ಅಲೆಯನ್ನು ಹೀರಿಬಿಡುತ್ತದೆ.

ಒಂದು ಅಥವಾ ಎರಡು ಕಟ್ಟಡಕ್ಕೆ ಹೋಗುವುದಾದರೆ ಲ್ಯಾನ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಆಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಜೋಡಿ ಸಾಕು. ಬಂಗಲೆಯ ರೂಟರ್‌ನಿಂದ ಒಂದು ಕನ್ವರ್ಟರ್, ಒಂದೇ ಎಳೆ ಫೈಬರ್, ಆ ತುದಿಯಲ್ಲಿ ಇನ್ನೊಂದು. ಇವು ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ: ಒಂದು 1310 ನ್ಯಾನೋಮೀಟರ್ ತರಂಗದಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ತಿರುಗುಮುರುಗು. ಎರಡು ಎ ತಂದರೆ ಲಿಂಕ್ ಬರದು. ಕಿಂಡಿ ಸಾಮಾನ್ಯವಾಗಿ ನೀಲಿ. ಕನ್ವರ್ಟರ್ ನಡುವೆ ಸ್ಪ್ಲಿಟರ್ ಹಾಕಿ ಮೂರು ಕಡೆ ಒಯ್ಯಲು ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿ ಗಲಾಟೆಯಾಗುತ್ತದೆ.

ಐದಾರು ಕಾಟೇಜು, ಪಲ್ಪರ್ ಶೆಡ್, ಕೆಲಸಗಾರರ ಲೈನ್ ಮನೆಗಳು ಎಲ್ಲ ಸೇರುವುದಾದರೆ ನಿಮ್ಮದೇ ಚಿಕ್ಕ ಒಎಲ್‌ಟಿ, ಒಂದು ಸ್ಪ್ಲಿಟರ್, ಪ್ರತಿ ಕಟ್ಟಡಕ್ಕೊಂದು ಒಎನ್‌ಟಿ ಇಡುವ ಯೋಚನೆ ಮಾಡಬಹುದು. ಮೊದಲ ಖರ್ಚು ಹೆಚ್ಚು, ಸೆಟ್ಟಿಂಗ್ ಗೊತ್ತಿರುವವರೂ ಬೇಕು. ಲಾಭವೇನೆಂದರೆ ದಾರಿಯಲ್ಲೆಲ್ಲೂ ಕರೆಂಟ್ ಬೇಡ. ಸ್ವಿಚ್‌ನಿಂದ ಸ್ವಿಚ್‌ಗೆ ಸರಪಳಿ ಹೆಣೆದರೆ ನಡುವಿನ ಶೆಡ್ಡಿನ ಕರೆಂಟ್ ಹೋದಾಗ ಅದರಾಚೆಯ ಎಲ್ಲ ಕಾಟೇಜೂ ಸತ್ತಂತೆ. ಇಲ್ಲಿ ಬಂಗಲೆಗೂ ಆಯಾ ಕಾಟೇಜಿಗೂ ಬ್ಯಾಟರಿ ಇದ್ದರೆ ಆಯಿತು.

ಸ್ಪ್ಲಿಟರ್ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಅಂದಾಜು ನಷ್ಟ: 1:4ಕ್ಕೆ 7.2 ಡಿಬಿ, 1:8ಕ್ಕೆ 10.5, 1:16ಕ್ಕೆ 13.7, 1:32ಕ್ಕೆ 17. ನಾಲ್ಕು ಕಾಟೇಜಿಗೆ 1:4 ಸಾಕು, ನಷ್ಟವೂ ಕಡಿಮೆ ಎನಿಸುತ್ತದೆ. ಆದರೆ ಬಿ ಪ್ಲಸ್ ದರ್ಜೆಯ ಜಿಪಾನ್ ಒಎಲ್‌ಟಿ 1.5ರಿಂದ 5 ಡಿಬಿಎಂ ಕಳಿಸುತ್ತದೆ. 4 ಎಂದಿಟ್ಟುಕೊಳ್ಳಿ. ಸ್ಪ್ಲಿಟರಿಗೆ 7.2, ಕನೆಕ್ಟರ್ ಮತ್ತು ಅರ್ಧ ಕಿಲೋಮೀಟರ್ ಕೇಬಲ್ಲಿಗೆ 0.8 ಕಳೆದರೆ ಕಾಟೇಜಿಗೆ ತಲುಪುವುದು ಮೈನಸ್ 4. ಒಎನ್‌ಟಿ ತಾಳುವ ಮಿತಿ ಮೈನಸ್ 8. ಬೆಳಕು ಹೆಚ್ಚಾಗಿ ಅದು ಕುರುಡಾಗುತ್ತದೆ. 1:8 ಹಾಕಿದರೂ ಮೈನಸ್ 7.3. 1:16 ಹಾಕಿದರೆ ಮೈನಸ್ 10.5, ಸರಿಯಾಗಿ ಕೂರುತ್ತದೆ, ಜೊತೆಗೆ ಮುಂದೆ ಕಟ್ಟುವ ಕಾಟೇಜಿಗೂ ಕಿಂಡಿ ಉಳಿಯುತ್ತದೆ. 1:8 ಈಗಾಗಲೇ ಕೊಂಡವರು ಬೆಳಕು ತಗ್ಗಿಸುವ 5 ಡಿಬಿಯ ಅಟೆನ್ಯುಯೇಟರ್ ಸೇರಿಸಿಕೊಳ್ಳಬಹುದು. ಬಳಸದ ಕಿಂಡಿಗಳಿಗೆ ಮುಚ್ಚಳ ಇರಲಿ, ಕನೆಕ್ಟರ್ ಹಸಿರಿನದಿರಲಿ.

ಕಟ್ಟಡಗಳು ಗುಂಪಾಗಿರದೆ ತೋಟದ ರಸ್ತೆಯುದ್ದಕ್ಕೂ ಒಂದರ ಹಿಂದೊಂದು ಇದ್ದರೆ ಪ್ರತಿಯೊಂದಕ್ಕೂ ಬಂಗಲೆಯಿಂದ ಬೇರೆ ಬೇರೆ ಕೇಬಲ್ ಎಳೆಯುವುದು ದಂಡ. ಅಲ್ಲಿಗೆ ಅಸಮ ಪಾಲಿನ ಎಫ್‌ಬಿಟಿ ಕಪ್ಲರ್ ಹೊಂದುತ್ತದೆ. 10/90 ಕಪ್ಲರ್‌ನಲ್ಲಿ ಚಿಕ್ಕ ಕವಲು 10ರಿಂದ 11 ಡಿಬಿ ಕಳೆದುಕೊಂಡು ಹತ್ತಿರದ ಕಾಟೇಜಿಗೆ ಇಳಿಯುತ್ತದೆ, ಮುಖ್ಯ ದಾರಿ ಅರ್ಧ ಡಿಬಿ ಚಿಲ್ಲರೆ ಮಾತ್ರ ಕಳೆದುಕೊಂಡು ಮುಂದೆ ಹೋಗುತ್ತದೆ. ತೊಂದರೆಯೆಂದರೆ ಮೊದಲ ಕಂಬದ ಬಳಿ ತುಂಡಾದರೆ ಮುಂದಿನದೆಲ್ಲ ಹೋಯಿತು. ಎಫ್‌ಬಿಟಿ ಕೊಳ್ಳುವಾಗ 1310, 1490 ಎರಡಕ್ಕೂ ಅಳತೆ ಬರೆದಿರುವುದನ್ನೇ ಕೊಳ್ಳಿ. ಕೇಬಲ್ ಟಿವಿಗೆಂದು 1550ಕ್ಕೆ ಮಾತ್ರ ಮಾಡಿದ್ದು ಇಲ್ಲಿ ಅಡ್ಡಾದಿಡ್ಡಿ ಪಾಲು ಮಾಡುತ್ತದೆ. ಸಮಪಾಲಿನ ಪಿಎಲ್‌ಸಿ ಸ್ಪ್ಲಿಟರ್‌ಗೆ 1260ರಿಂದ 1650 ತನಕ ಈ ತಲೆನೋವಿಲ್ಲ.

ಪಿಎಲ್‌ಸಿಯಲ್ಲೂ ಎರಡು ರೂಪ. ಕನೆಕ್ಟರ್ ಕಟ್ಟಿದ ಎಬಿಎಸ್ ಡಬ್ಬಿ ಬಂಗಲೆಯ ಒಳಗೋಡೆಗೆ. ಬರೀ ಫೈಬರ್ ಇರುವ ಉಕ್ಕಿನ ಚಿಕ್ಕ ಕೊಳವೆ ಕಂಬದ ಜಾಯಿಂಟ್ ಪೆಟ್ಟಿಗೆಯೊಳಗೆ ಮೆಷಿನ್‌ನಿಂದ ಸೇರಿಸಲು. ಕನೆಕ್ಟರ್ ಡಬ್ಬಿಯನ್ನು ಕಂಬಕ್ಕೆ ಕಟ್ಟಿದವರು ಅಡಾಪ್ಟರ್ ಬಗ್ಗೆ ಮೇಲೆ ಹೇಳಿದ್ದೆಲ್ಲವನ್ನೂ ಹದಿನಾರು ಸಲ ಅನುಭವಿಸುತ್ತಾರೆ.

ಯಾವ ದಾರಿ ಹಿಡಿದರೂ ಒಂದೇ ಎಳೆಯ ಕೇಬಲ್ ಎಳೆಸಬೇಡಿ, ನಾಲ್ಕು ಎಳೆಯದ್ದು ಎಳೆಸಿ. ಕೂಲಿ ಅಷ್ಟೇ, ಕೇಬಲ್ ಬೆಲೆಯ ವ್ಯತ್ಯಾಸ ಅಲ್ಪ. ಎಳೆಗಳ ಬಣ್ಣ ನೀಲಿ, ಕಿತ್ತಳೆ, ಹಸಿರು, ಕಂದು ಎಂಬ ಕ್ರಮದಲ್ಲಿರುತ್ತದೆ. ಕೆಲಸ ಮುಗಿದ ದಿನವೇ ಪವರ್ ಮೀಟರನ್ನು 1490ಕ್ಕೆ ಇಟ್ಟು ಪ್ರತಿ ತುದಿಯಲ್ಲೂ ಅಳೆಸಿ, ಯಾವ ಎಳೆ ಎಲ್ಲಿಗೆ, ಎಷ್ಟು ಡಿಬಿಎಂ ಎಂದು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬರೆಸಿಡಿ. ಮೀಟರ್ 1310ರಲ್ಲೋ 1550ರಲ್ಲೋ ಇದ್ದರೆ ಸಂಖ್ಯೆ ತುಸು ತಪ್ಪಿ ಬರುತ್ತದೆ, ಹಾಗಾಗಿ ಯಾವ ತರಂಗದಲ್ಲಿ ಅಳೆದದ್ದು ಎಂಬುದೂ ಅದರ ಪಕ್ಕದಲ್ಲಿರಲಿ.